ವಿಮಾನ ಅಂದ್ರೆ ಬರೀ ಎಕರೆ ರೇಟಲ್ಲ ಸ್ವಾಮೀ...

ನಮ್ಮ ಮರಳವಾಡಿ ಕಡೆ ಈಗ ವಿಮಾನದ ಮಾತು ಎತ್ತಿದ್ರೆ ಸಾಕು, ಜನ "ಎಕರೆ ಎಷ್ಟಾಯ್ತಂತೆ?" ಅಂತ ಕೇಳ್ತಾರೆ. ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆ ಅಂತ 2025ರಲ್ಲಿ ಸರ್ಕಾರ ಮುಂದಿಟ್ಟ ಮೂರು ಜಾಗಗಳಲ್ಲಿ ಎರಡು ಕನಕಪುರ ರಸ್ತೆಯವು. ಅದೇ ವರ್ಷ ನಮ್ಮ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅನ್ನೋ ಹೆಸರೂ ಬಂತು. ಟೀ ಅಂಗಡಿ ಬೆಂಚಿನ ಮೇಲೆ ಕೂತೇ ರನ್‌ವೇ ಹಾಕಿ ಮುಗಿಸಿದ್ದಾರೆ ನಮ್ಮವರು!

ಇದೇ ಜನರ ಮನೆ ಹುಡುಗನೊಬ್ಬ ಕಿಟ್ ತಂದು, ಜಗಲಿ ಮೇಲೆ ಕೂತು, ರಿಮೋಟಲ್ಲಿ ಹಾರೋ ಒಂದು ಪುಟ್ಟ ವಿಮಾನ ಕಟ್ಟೋಕೆ ಶುರು ಮಾಡಲಿ ನೋಡಿ. "ಓದೋದು ಬರಿಯೋದು ಬಿಟ್ಟು ಏನ್ಲಾ ಇದು ಮಕ್ಳಾಟ?" ಅಂತಾರೆ. ವಿಮಾನ ಬಂದು ಜಮೀನು ತಗೊಂಡು ಹೋದ್ರೆ ಅಭಿವೃದ್ಧಿ, ವಿಮಾನ ಯಾಕೆ ಹಾರುತ್ತೆ ಅಂತ ಹುಡುಗ ತಿಳ್ಕೊಂಡ್ರೆ ಮಕ್ಕಳಾಟ. ನನ್ನ ಜಗಳ ಇರೋದು ಈ ಲೆಕ್ಕದ ಜೊತೆ.

ನನ್ನ ಅಕ್ಕನ ಮಗ ಎಂಟನೇ ಕ್ಲಾಸು, ಕನ್ನಡ ಮೀಡಿಯಂ. ನಾಲ್ಕು ತಿಂಗಳ ಸಂಜೆಗಳಲ್ಲಿ ನಾವಿಬ್ಬರೂ ಸೇರಿ ಒಂದು ವಿಮಾನ ಕಟ್ಟಿದ್ವಿ. ರೆಕ್ಕೆ ಈ ತುದಿಯಿಂದ ಆ ತುದಿಗೆ 120 ಸೆಂಟಿಮೀಟರ್, ಬ್ಯಾಟರಿ ಸೇರಿ ತೂಕ 900 ಗ್ರಾಂ. ಅವನು ಅದನ್ನ ಹೆಮ್ಮೆಯಿಂದ ಶಾಲೆಗೆ ತಗೊಂಡು ಹೋದ. "ಇದರಿಂದ ಮಾರ್ಕ್ಸ್ ಬರುತ್ತೇನೋ? ನಾಳೆಯಿಂದ ತರಬೇಡ" ಅಂತ ಹೇಳಿ ಕಳಿಸಿದ್ರು. ಶಾಲೆ ಯಾವುದು, ಹೇಳಿದವರು ಯಾರು ಅನ್ನೋದು ಬೇಡ ಬಿಡಿ. ನಮ್ಮ ನೂರಾರು ಶಾಲೆಗಳಲ್ಲಿ ಯಾವುದಾದ್ರೂ ಆಗಬಹುದಿತ್ತು.

ಮಾರ್ಕ್ಸ್ ಬರುತ್ತಾ ಅಂತ ಕೇಳಿದ್ರಲ್ಲ, ಆ ಡಬ್ಬಿಯಲ್ಲಿ ಏನಿತ್ತು ಅಂತ ಸ್ವಲ್ಪ ಕೇಳಿ. ಬಾಲ್ಸಾ ಅನ್ನೋ ಹಗುರ ಮರದ ತೆಳು ಹಲಗೆಗಳು, ಒಂದಷ್ಟು ಪ್ಲೈವುಡ್ ತುಂಡು, ಒಂದು ದೊಡ್ಡ ನಕ್ಷೆ. ನಕ್ಷೆ ಹಾಸಿ, ಅಂಟು ಕಾಗದಕ್ಕೆ ಹಿಡೀದಂತೆ ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಕಿ, ಅದರ ಮೇಲೆ ರೆಕ್ಕೆಯ ಪಕ್ಕೆಲುಬುಗಳನ್ನ ಒಂದೊಂದಾಗಿ ನಿಲ್ಲಿಸಬೇಕು. ನಮ್ಮದರಲ್ಲಿ ಹದಿನೆಂಟಿದ್ವು. ಒಂದು ವಾರೆಯಾದ್ರೆ ರೆಕ್ಕೆಯೇ ತಿರುಚಿಕೊಳ್ಳುತ್ತೆ, ತಿರುಚಿದ ರೆಕ್ಕೆ ವಿಮಾನವನ್ನ ಒಂದೇ ಕಡೆಗೆ ಎಳೆಯುತ್ತೆ. ಎರಡೂ ರೆಕ್ಕೆ ಮುಗಿದ ಮೇಲೆ ಅಂಗಡಿ ತಕ್ಕಡಿಯಲ್ಲಿಟ್ಟು ತೂಗಿದ್ವಿ. ಎಡಗಡೆಯದು 6 ಗ್ರಾಂ ಜಾಸ್ತಿ! ಹುಡುಗ ಅಂಟು ಧಾರಾಳವಾಗಿ ಸುರಿದಿದ್ದ. ಸರಿದೂಗಿಸೋಕೆ ಬಲಗಡೆಗೆ 6 ಗ್ರಾಂ ಸೇರಿಸಲೇಬೇಕಾ? ಬೇಡ, ರೆಕ್ಕೆಯ ತುದಿಯಲ್ಲಿಟ್ಟರೆ ಅದಕ್ಕಿಂತ ಕಡಿಮೆ ಸಾಕು ಅಂತ ಅವನೇ ಕಂಡುಕೊಂಡ. ಭಾರ ಗುಣಿಸು ದೂರ. ಪುಸ್ತಕದಲ್ಲಿ ಇದನ್ನ ಬಾಯಿಪಾಠ ಮಾಡಿಸ್ತಾರೆ, ಇಲ್ಲಿ ಮಾಡದೇ ಇದ್ರೆ ವಿಮಾನ ವಾಲುತ್ತೆ.

ಇನ್ನು ಗುರುತ್ವ ಕೇಂದ್ರ. ಈ ತರಹದ ಕಲಿಕೆಯ ವಿಮಾನದಲ್ಲಿ ಅದು ರೆಕ್ಕೆಯ ಮುಂದಂಚಿನಿಂದ, ರೆಕ್ಕೆಯ ಅಗಲದ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದ ಒಳಗೆ ಬರಬೇಕು. 20 ಸೆಂಟಿಮೀಟರ್ ಅಗಲದ ರೆಕ್ಕೆಗೆ ಅಂದಾಜು 6 ಸೆಂಟಿಮೀಟರ್ ಹಿಂದೆ. ಆ ಜಾಗದಲ್ಲಿ ಎರಡು ಬೆರಳಿಟ್ಟು ಎತ್ತಿದ್ರೆ ವಿಮಾನ ಸಮವಾಗಿ ನಿಲ್ಲಬೇಕು. ಮೂತಿ ಭಾರವಾದ್ರೆ ಕಷ್ಟಪಟ್ಟಾದ್ರೂ ಇಳಿಸಬಹುದು. ಬಾಲ ಭಾರವಾದ್ರೆ ಮೊದಲನೇ ಹಾರಾಟವೇ ತಿಥಿ :-) ಬ್ಯಾಟರಿಯನ್ನ ಹಿಂದೆ ಮುಂದೆ ಸರಿಸಿ ಇದನ್ನ ಸರಿಮಾಡಿದ ಹುಡುಗನಿಗೆ ಗುರುತ್ವ ಕೇಂದ್ರ ಅಂದ್ರೇನು ಅಂತ ಯಾವ ಮೇಷ್ಟ್ರೂ ಇನ್ನು ಹೇಳಿಕೊಡಬೇಕಿಲ್ಲ.

"ಇಷ್ಟೆಲ್ಲ ಯಾಕೆ, ರೆಡಿಮೇಡ್ ಡ್ರೋನ್ ಸಿಗುತ್ತಲ್ಲಾ?" ಅಂತ ಕೇಳೋರಿದ್ದಾರೆ. ಸಿಗುತ್ತೆ. ಡಬ್ಬಿ ತೆಗೆದ ಹತ್ತು ನಿಮಿಷಕ್ಕೆ ಹಾರುತ್ತೆ, ಅದರಷ್ಟಕ್ಕೆ ಅದೇ ನಿಂತುಕೊಳ್ಳುತ್ತೆ, ಮದುವೆ ಮನೆ ಚಪ್ಪರದ ಮೇಲೆ ವಿಡಿಯೋ ತೆಗೆಯುತ್ತೆ. ಅದು ಕ್ಯಾಮೆರಾ ಕೊಂಡಂಗೆ. ಬೇಡ ಅನ್ನಲ್ಲ. ಆದ್ರೆ ಅದು ಕೆಟ್ಟ ದಿನ ಏನಾಗುತ್ತೆ? ಅಟ್ಟಕ್ಕೆ ಹೋಗುತ್ತೆ. ನಮ್ಮ ವಿಮಾನ ಮೂರನೇ ದಿನ ರಾಗಿ ಕೊಯ್ದ ಹೊಲದಲ್ಲಿ ಮೂಗು ಕುಟ್ಟಿತು. ರಾತ್ರಿ ಎರಡು ಪಕ್ಕೆಲುಬು ಕತ್ತರಿಸಿ ಅಂಟಿಸಿ, ಭಾನುವಾರ ಮತ್ತೆ ಹಾರಿಸಿದ. ಕಟ್ಟಿದವನಿಗೆ ರಿಪೇರಿ ಗೊತ್ತಿರುತ್ತೆ, ಕೊಂಡವನಿಗೆ ಬಿಲ್ಲು ಮಾತ್ರ ಗೊತ್ತಿರುತ್ತೆ.

"ಇದು ದುಡ್ಡಿದ್ದೋರ ಆಟ ಕಣಪ್ಪಾ" ಅನ್ನೋದು ಇನ್ನೊಂದು. ಮೋಟರು, ಸರ್ವೋ, ರೇಡಿಯೋ, ಬ್ಯಾಟರಿ ಎಲ್ಲ ಸೇರಿ ನಮಗೆ ₹11,000 ಆಯ್ತು. ಕಡಿಮೆಯಲ್ಲ, ಒಪ್ಪಿದೆ. ಆದ್ರೆ ಆ ಹುಡುಗನ ಮನೆಯಲ್ಲೇ ಇದಕ್ಕಿಂತ ದುಬಾರಿ ಮೊಬೈಲು ಎರಡಿವೆ. ಅಲ್ಲದೆ ಮರ ಮುರಿದ್ರೂ ರೇಡಿಯೋ, ಮೋಟರು ಮುಂದಿನ ವಿಮಾನಕ್ಕೂ ಬರುತ್ತೆ. ಒಂದು ಶಾಲೆ ಒಂದು ಸೆಟ್ ಕೊಂಡ್ರೆ ವರ್ಷಾನುಗಟ್ಟಲೆ ಮಕ್ಕಳು ಸರದಿ ಪ್ರಕಾರ ಕಟ್ಟಬಹುದು.

ಈಗ ಸರ್ಕಾರದ ವಿಷಯಕ್ಕೆ ಬರೋಣ. 2020ರ ಬಜೆಟ್ಟಿನಲ್ಲಿ ಆಟಿಕೆಗಳ ಆಮದು ಸುಂಕ 20ರಿಂದ 60 ಪರ್ಸೆಂಟಿಗೆ ಏರಿತು, 2023ರಲ್ಲಿ 70ಕ್ಕೆ. ಸುಂಕದ ಪಟ್ಟಿಯಲ್ಲಿ ಗೊಂಬೆಗಳಿರೋ ತಲೆಬರಹದಡಿಯಲ್ಲೇ ಹವ್ಯಾಸದ ಮಾದರಿಗಳೂ ಬರುತ್ತವೆ. 2022ರ ಫೆಬ್ರವರಿಯಲ್ಲಿ ಹೊರದೇಶದ ಡ್ರೋನ್‌ಗಳ ಆಮದನ್ನೇ ನಿಷೇಧಿಸಿದ್ರು. ಪೂರ್ತಿ ಕಟ್ಟಿದ್ದಷ್ಟೇ ಅಲ್ಲ, ಬಿಡಿಬಿಡಿಯಾಗಿ ಕಿಟ್ ರೂಪದಲ್ಲಿ ಬಂದ್ರೂ ನಿಷೇಧ. ಬಿಡಿಭಾಗಗಳಿಗೆ ಮಾತ್ರ ಅಡ್ಡಿಯಿಲ್ಲ. ಇಲ್ಲೇ ತಯಾರಾಗಲಿ ಅನ್ನೋದು ಉದ್ದೇಶ. ಒಳ್ಳೇದೇ! ಆದ್ರೆ ಬಾಗಿಲು ಹಾಕಿದವರು ಒಳಗೆ ಅಡುಗೆ ಮಾಡಿಟ್ಟಿದ್ದಾರಾ ಅಂತಲೂ ನೋಡಬೇಕಲ್ವಾ? ಕನ್ನಡದಲ್ಲಿ ವಿವರಣೆ ಇರೋ, ಹಳ್ಳಿ ಶಾಲೆ ಕೊಳ್ಳಬಹುದಾದ ಒಂದು ಕಿಟ್ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಹಾರಿಸೋ ಕಾನೂನು ಹೆದರಿಸುವಂಥದ್ದಲ್ಲ. 2021ರ ಡ್ರೋನ್ ನಿಯಮಗಳಲ್ಲಿ ಕಲಿಕೆಗೆ, ಮನರಂಜನೆಗೆ ಕಣ್ಣಳತೆಯಲ್ಲೇ ಹಾರಿಸುವ ಮಾದರಿ ವಿಮಾನಗಳಿಗೆ ಟೈಪ್ ಸರ್ಟಿಫಿಕೇಟಿನ ವಿನಾಯಿತಿ ಕೊಟ್ಟಿದ್ದಾರೆ. ವ್ಯಾಪಾರಕ್ಕಲ್ಲದೆ ಹಾರಿಸುವ, 2 ಕೆ.ಜಿ. ಮೀರದ ವಿಮಾನಕ್ಕೆ ಪೈಲಟ್ ಲೈಸೆನ್ಸು ಬೇಡ ಅಂದಿದ್ದಾರೆ. ಡಿಜಿಟಲ್ ಸ್ಕೈ ನಕ್ಷೆ ನೋಡಿ, ಹಸಿರು ವಲಯದಲ್ಲಿ, 120 ಮೀಟರ್ ದಾಟದಂತೆ, ಜನ ದನ ಇಲ್ಲದ ಕಡೆ ಹಾರಿಸಿ. ಲಿಥಿಯಂ ಬ್ಯಾಟರಿ ಚಾರ್ಜಿಗಿಟ್ಟಾಗ ದೊಡ್ಡವರೊಬ್ಬರು ಹತ್ತಿರ ಇರಿ, ಅದು ಬೆಂಕಿ ಹಿಡಿಯೋ ಪದಾರ್ಥ. ಇಷ್ಟು ಎಚ್ಚರ ಗ್ಯಾಸ್ ಒಲೆಗೂ ಬೇಕಲ್ಲ?

ನಮ್ಮ ನೆಲದಲ್ಲಿ ಏನು ಕಮ್ಮಿಯಿದೆ ಹೇಳಿ. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುವಾದದ್ದು ಬೆಂಗಳೂರಲ್ಲಿ. ಇಲ್ಲೇ ವಿನ್ಯಾಸ ಮಾಡಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು, ಅದರ ಹಿಂದೆ ಡಾ. ವಿ. ಎಂ. ಘಾಟಗೆ ಇದ್ದರು. 1996ರಿಂದ ಯಲಹಂಕದಲ್ಲಿ ಏರೋ ಇಂಡಿಯಾ ನಡೀತಿದೆ. ಎನ್‌ಸಿಸಿಯ ವಾಯು ವಿಭಾಗದ ಮಕ್ಕಳು ಮಾದರಿ ವಿಮಾನ ಕಟ್ಟೋದನ್ನ ಕಲೀತಾರೆ. ಅವರಿಗೆ ಶಿಕ್ಷಣವಾದದ್ದು ಮರಳವಾಡಿ ಹುಡುಗನಿಗೆ ಮಾತ್ರ ಮಕ್ಕಳಾಟ ಹೇಗಾಗುತ್ತೆ?

ಕೈಚಳಕದ ಮಾತು ಬಿಡಿ, ಅದು ನಮ್ಮಲ್ಲಿ ಬೇಕಾದಷ್ಟಿದೆ. ಪಕ್ಕದ ಚನ್ನಪಟ್ಟಣದಲ್ಲಿ ಹಾಲೆ ಮರ ಕಡೆದು, ಅರಗು ಹಚ್ಚಿ ಗೊಂಬೆ ಮಾಡೋ ಕೈಗಳಿವೆ. ಹಾಲೆ ಮರ ರೆಕ್ಕೆಗೆ ಭಾರ, ನಿಜ. ಆದ್ರೆ ಕೂದಲೆಳೆ ಲೆಕ್ಕದಲ್ಲಿ ಮರ ಕೆತ್ತೋ ಕೈಗೆ ಬೇರೆ ಮರ ಕೊಟ್ಟು ನೋಡಿ. ನಮ್ಮೂರುಗಳಲ್ಲಿ ರೇಷ್ಮೆ ಹುಳ ಗೂಡು ಕಟ್ಟೋ ಚಂದ್ರಿಕೆ ನೋಡಿಲ್ವಾ? ತೆಳು ಬಿದಿರ ಸೀಳು, ಹಗುರ, ಆದರೂ ಗಟ್ಟಿ. ವಿಮಾನದ ರೆಕ್ಕೆಗೆ ಬೇಕಾದ ಗುಣವೂ ಅದೇ. ಬಿದಿರಿಗೆ ಭಾರ ಹೊರೋ ಕೆಲಸ, ಥರ್ಮಾಕೋಲಿಗೆ ಆಕಾರ ಕೊಡೋ ಕೆಲಸ. ಅಷ್ಟರಲ್ಲೇ ಒಂದು ಕಿಟ್ ಆಗುತ್ತೆ ಸ್ವಾಮೀ.

ಭಾಷೆಯ ವಿಷಯಾನೂ ಹೇಳಿಬಿಡ್ತೀನಿ. ನಮ್ಮ ಕಿಟ್‌ನಲ್ಲಿದ್ದ ಇಂಗ್ಲಿಷ್ ಹಾಳೆಯನ್ನ ಹುಡುಗ ಒಂದು ಸಂಜೆ ಪೂರ್ತಿ ನೋಡಿ, "ಮಾಮಾ, ನಂಗಿದು ಬರಲ್ಲ" ಅಂತ ಎದ್ದುಬಿಟ್ಟಿದ್ದ. ಅವನಿಗೆ ಬರದೇ ಇದ್ದದ್ದು ವಿಮಾನ ಅಲ್ಲ, ಇಂಗ್ಲಿಷು. ಮಾರನೇ ದಿನ ರಿಬ್ಬಿಗೆ ಪಕ್ಕೆಲುಬು, ರಡ್ಡರಿಗೆ ಚುಕ್ಕಾಣಿ ಅಂತ ಬರೆದು ಗೋಡೆಗೆ ಅಂಟಿಸಿದೆ. ಆಮೇಲೆ ನನ್ನನ್ನ ಕೇಳೋದೇ ಬಿಟ್ಟ. ಎಷ್ಟು ಮಕ್ಕಳು ಹೀಗೆ "ಬರಲ್ಲ" ಅಂತ ಎದ್ದು ಹೋಗಿದ್ದಾರೋ!

ನಾನು ಕೇಳ್ತಿರೋದು ದೊಡ್ಡದೇನಲ್ಲ. ಹೋಬಳಿಗೊಂದು ಶಾಲೆಗೆ ಒಂದು ರೇಡಿಯೋ, ಎರಡು ಮೋಟರು, ಕನ್ನಡದಲ್ಲಿ ಅಚ್ಚಾದ ಒಂದು ನಕ್ಷೆ. ಚನ್ನಪಟ್ಟಣದ ಕುಶಲಕರ್ಮಿಗಳಿಗೆ ಕಿಟ್ ಮಾಡೋ ಒಂದು ಆರ್ಡರು. ಮತ್ತೆ, ಹುಡುಗ ವಿಮಾನ ತಂದಾಗ "ಇದು ಹೆಂಗೆ ಹಾರುತ್ತಪ್ಪಾ?" ಅಂತ ಕೇಳೋ ಒಬ್ಬ ಮೇಷ್ಟ್ರು. ಕೊನೇದಕ್ಕೆ ಬಜೆಟ್ಟೂ ಬೇಡ.

ನಿಲ್ದಾಣ ಎಲ್ಲಿ ಬೇಕಾದ್ರೂ ಬರಲಿ. ಅಲ್ಲಿ ನಮ್ಮ ಮಕ್ಕಳು ವಿಮಾನ ರಿಪೇರಿ ಮಾಡ್ತಾರೋ, ಪಾರ್ಕಿಂಗ್ ಚೀಟಿ ಹರೀತಾರೋ ಅನ್ನೋದು ತೀರ್ಮಾನ ಆಗೋದು ಮನೆ ಜಗಲಿ ಮೇಲೆ, ಈಗಲೇ. ಏನಂತೀರಿ?