ರಾತ್ರಿಯ ಹಾದಿಗೆ ಎಂಥ ದೀಪ?

ಶಿಕಾರಿಪುರದಿಂದ ಶಿರಾಳಕೊಪ್ಪದ ಮಾರ್ಗವಾಗಿ ಸೊರಬಕ್ಕೆ ಹೋಗುವ ರಸ್ತೆಯಲ್ಲಿಯೂ, ಅದರಿಂದ ಕವಲೊಡೆದು ಹಳ್ಳಿಗಳನ್ನು ಸೇರುವ ಕಿರುದಾರಿಗಳಲ್ಲಿಯೂ ಹೊತ್ತು ಮುಳುಗಿದ ಮೇಲೆ ಸೈಕಲ್ಲು ತುಳಿಯುವವರು ಇಂದಿಗೂ ಇದ್ದಾರೆ. ಸಂಜೆಯ ಪಾಠ ಮುಗಿಸಿಕೊಂಡು ಊರಿಗೆ ಮರಳುವ ವಿದ್ಯಾರ್ಥಿಗಳು, ಡೇರಿಗೆ ಹಾಲು ಹಾಕಿ ಬರುವವರು, ರಾತ್ರಿ ಕರೆಂಟು ಬಂದಾಗ ಪಂಪು ಹಾಕಲು ತೋಟಕ್ಕೆ ಹೊರಡುವ ರೈತರು ಇವರಲ್ಲಿ ಸೇರಿದ್ದಾರೆ. ಪೇಟೆಯ ಬೀದಿದೀಪಗಳ ಸಾಲು ಮುಗಿದೊಡನೆ ಕತ್ತಲೆ ಆರಂಭವಾಗುತ್ತದೆ. ಅಡಕೆ ತೋಟದ ಮಗ್ಗುಲಲ್ಲಿ ನಕ್ಷತ್ರದ ಬೆಳಕೂ ನೆಲಕ್ಕಿಳಿಯದು. ಕೆರೆಯ ಏರಿಯ ಮೇಲೆ ಒಂದು ಕಡೆ ನೀರು, ಇನ್ನೊಂದು ಕಡೆ ಆಳದ ಗದ್ದೆ. ಇಂಥ ದಾರಿಯಲ್ಲಿ ದೀಪವು ಪ್ರಾಣರಕ್ಷಣೆಯ ಸಾಧನವೇ ಸರಿ. ಆದರೆ ಅದನ್ನು ಆರಿಸುವಾಗ ನಮ್ಮ ತರುಣರು ಹಿಡಿದಿರುವ ಅಳತೆಗೋಲು ತಪ್ಪೆಂದು ನನಗೆ ತೋರುತ್ತದೆ. ಏಕೆ ತಪ್ಪು, ಸರಿಯಾದುದು ಯಾವುದು ಎಂಬುದನ್ನು ಪದವಿಪೂರ್ವ ತರಗತಿಯ ಭೌತಶಾಸ್ತ್ರದಿಂದಲೇ ತಿಳಿಯಬಹುದು.

ಹಿಂದಿನ ತಲೆಮಾರಿನವರಿಗೆ ಆಯ್ಕೆಯ ತೊಡಕೇ ಇರಲಿಲ್ಲ. ಸೀಮೆಎಣ್ಣೆಯ ದೀಪವೋ, ಟೈರಿಗೆ ಒತ್ತಿಕೊಂಡು ತಿರುಗುವ ಡೈನಮೊ ದೀಪವೋ ಇದ್ದರೆ ಆಯಿತು. ಅದೂ ಇಲ್ಲದೆ ರಾತ್ರಿ ಪೇಟೆಗೆ ಬಂದವರಿಗೆ ಪೋಲೀಸರು ದಂಡ ವಿಧಿಸುತ್ತಿದ್ದುದನ್ನು ಹಿರಿಯರು ಬಲ್ಲರು. ಡೈನಮೊ ಕೊಡುತ್ತಿದ್ದುದು 6 ವೋಲ್ಟಿನಲ್ಲಿ 3 ವ್ಯಾಟ್ ಮಾತ್ರ. ಸೈಕಲ್ಲು ನಿಂತರೆ ದೀಪವೂ ಆರುತ್ತಿತ್ತು. ಆ ಕಾಲ ಕಳೆಯಿತು. 2006–07ರಲ್ಲಿ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. ಆ ಸಾಲಿನ ಮುಂಗಡಪತ್ರವನ್ನು ಮಂಡಿಸಿದ ಬಿ. ಎಸ್. ಯಡಿಯೂರಪ್ಪನವರು ಶಿಕಾರಿಪುರ ಕ್ಷೇತ್ರದ ಶಾಸಕರೇ ಆಗಿದ್ದರು. ಸೈಕಲ್ಲೇನೋ ಮನೆಮನೆಗೆ ಬಂತು. ಆದರೆ ಅದು ಹಗಲಿನ ಶಾಲೆಯ ಹಾದಿಯನ್ನು ನೆನೆದು ಕೊಟ್ಟದ್ದು. ರಾತ್ರಿಯ ದೀಪವನ್ನು ಅವರವರೇ ಹೊಂದಿಸಿಕೊಳ್ಳಬೇಕಾಯಿತು. ಇಂದು ಬಹುಮಂದಿ ಪೇಟೆಯಲ್ಲಿ ದೊರೆಯುವ ಎಲ್.ಇ.ಡಿ. ಟಾರ್ಚೊಂದನ್ನು ತಂದು, ಹಳೆಯ ಟ್ಯೂಬಿನ ರಬ್ಬರು ಪಟ್ಟಿಯಿಂದ ಹ್ಯಾಂಡಲ್ಲಿಗೆ ಬಿಗಿಯುತ್ತಾರೆ.

ಹೀಗೆ ಮಾಡುವುದರಲ್ಲಿ ತಪ್ಪೇನೂ ಇಲ್ಲ. ಎಲ್.ಇ.ಡಿ. ಎಂಬುದು ನಮ್ಮ ಕಾಲದ ದೊಡ್ಡ ವರಗಳಲ್ಲೊಂದು. ಗ್ಯಾಲಿಯಂ ನೈಟ್ರೈಡ್ ಎಂಬ ಅರೆವಾಹಕದಿಂದ ಪ್ರಖರವಾದ ನೀಲಿ ಬೆಳಕನ್ನು ಪಡೆಯುವ ವಿದ್ಯೆ 1990ರ ದಶಕದಲ್ಲಿ ಜಪಾನಿನಲ್ಲಿ ಕೈಗೂಡಿತು. ಆ ನೀಲಿ ಬೆಳಕಿನ ಒಂದಂಶವನ್ನು ಹಳದಿ ಸೂಸುವ ಫಾಸ್ಫರ್ ಪುಡಿಯ ಮೇಲೆ ಹಾಯಿಸಿದರೆ, ನೀಲಿಯೂ ಹಳದಿಯೂ ಬೆರೆತು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಇದಕ್ಕಾಗಿ ಅಕಸಾಕಿ, ಅಮಾನೊ ಮತ್ತು ನಕಮುರ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ದೀಪವು ಸೂಸುವ ಒಟ್ಟು ಬೆಳಕನ್ನು ಲ್ಯೂಮೆನ್ ಎಂಬ ಮಾನದಿಂದ ಅಳೆಯುತ್ತಾರೆ. ಟಾರ್ಚಿನ ಹಳೆಯ ತಂತಿಯ ಬಲ್ಬು ಒಂದು ವ್ಯಾಟಿಗೆ ಸುಮಾರು 10 ಲ್ಯೂಮೆನ್ ಕೊಟ್ಟರೆ, ಒಳ್ಳೆಯ ಎಲ್.ಇ.ಡಿ. 100 ಲ್ಯೂಮೆನ್ ಅಥವಾ ಅದಕ್ಕೂ ಹೆಚ್ಚು ಕೊಡುತ್ತದೆ. ಡೈನಮೊ ದೀಪದ ಬೆಳಕು ಎಲ್ಲ ಸೇರಿ ಸುಮಾರು 30 ಲ್ಯೂಮೆನ್ ಇದ್ದೀತು. ನಮ್ಮ ಹಿರಿಯರು ಅಷ್ಟರಲ್ಲಿಯೇ ದಾರಿ ಸವೆಸಿದರೆಂಬುದನ್ನು ನೆನಪಿನಲ್ಲಿಡೋಣ.

ತೊಂದರೆ ಆರಂಭವಾಗುವುದು ಅಂಗಡಿಯ ಮುಂದೆ. ಕೊಳ್ಳುವವನು ಕೇಳುವ ಪ್ರಶ್ನೆ ಒಂದೇ: “ಎಲ್ಲಕ್ಕಿಂತ ಹೆಚ್ಚು ಬೆಳಕು ಕೊಡುವುದು ಯಾವುದು?” ತಯಾರಕನಿಗೂ ಇದು ಗೊತ್ತು. ಆದುದರಿಂದಲೇ ಪೆಟ್ಟಿಗೆಯ ಮೇಲೆ 10,000 ಲ್ಯೂಮೆನ್ ಎಂದೂ ಅಚ್ಚಾಗುವುದುಂಟು. ಈ ಮಾತನ್ನು ಶಕ್ತಿಸಂರಕ್ಷಣೆಯ ನಿಯಮದಿಂದ ಒರೆಗೆ ಹಚ್ಚಿ ನೋಡಿ. ಇಂಥ ಟಾರ್ಚುಗಳಲ್ಲಿರುವುದು ಸಾಮಾನ್ಯವಾಗಿ 18650 ಎಂಬ ಲಿಥಿಯಂ ಕೋಶ. 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ ಇರುವುದರಿಂದ ಅದಕ್ಕೆ ಆ ಹೆಸರು. ಅದರ ಧಾರಣೆ 2600 ಮಿಲಿಆಂಪಿಯರ್-ಗಂಟೆ, ವಿದ್ಯುದ್ವಿಭವ 3.6 ವೋಲ್ಟ್ ಎಂದಿಟ್ಟುಕೊಂಡರೆ ಒಳಗಿರುವ ಶಕ್ತಿ ಸುಮಾರು 9.4 ವ್ಯಾಟ್-ಗಂಟೆ. 10,000 ಲ್ಯೂಮೆನ್ ಬೇಕಾದರೆ 100 ವ್ಯಾಟ್ ಬೇಕು. ಹಾಗಾದರೆ ಕೋಶವು ಆರು ನಿಮಿಷದೊಳಗೆ ಬರಿದಾಗಬೇಕು. ಮುಷ್ಟಿಯಷ್ಟು ಲೋಹದಲ್ಲಿ 100 ವ್ಯಾಟ್ ವ್ಯಯವಾದರೆ ಅದನ್ನು ಕೈಯಲ್ಲಿ ಹಿಡಿಯುವುದೂ ಅಸಾಧ್ಯ. ಟಾರ್ಚು ಗಂಟೆಗಟ್ಟಲೆ ತಣ್ಣಗೆ ಉರಿಯುತ್ತಿದ್ದರೆ ಪೆಟ್ಟಿಗೆಯ ಮೇಲಿನ ಮಾತು ಸುಳ್ಳೆಂದೇ ಅರ್ಥ. ಅದೇ ಕೋಶದಿಂದ 200 ಲ್ಯೂಮೆನ್ ಪಡೆಯಲು ಮಂಡಲದ ನಷ್ಟವೂ ಸೇರಿ ಎರಡೂವರೆ ವ್ಯಾಟ್ ಸಾಕು. ಆಗ ದೀಪವು ಮೂರೂವರೆ ಗಂಟೆಗೂ ಮಿಗಿಲಾಗಿ ಉರಿದೀತು. ಕೋಶದ ಮೇಲೆ 9900 ಎಂದು ಬರೆದಿದ್ದರೆ ಅದನ್ನೂ ನಂಬತಕ್ಕದ್ದಲ್ಲ. ಆ ಗಾತ್ರದ ಒಳ್ಳೆಯ ಕೋಶಗಳೂ ಸಾಮಾನ್ಯವಾಗಿ 3500ರ ಆಸುಪಾಸಿನಲ್ಲೇ ನಿಲ್ಲುತ್ತವೆ.

ಪೆಟ್ಟಿಗೆಯ ಮೇಲಿನ ಇನ್ನೊಂದು ಆಕರ್ಷಣೆ ದೂರ. “200 ಮೀಟರ್ ಬೆಳಕು” ಎಂದರೇನು? ಒಂದು ಚದರ ಮೀಟರಿನ ಮೇಲೆ ಬೀಳುವ ಬೆಳಕನ್ನು ಲಕ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ಟಾರ್ಚು ತಯಾರಕರು ಒಪ್ಪಿಕೊಂಡಿರುವ ಅಮೆರಿಕದ ಮಾನಕದಂತೆ, ಬೆಳಕು 0.25 ಲಕ್ಸಿಗೆ ಇಳಿಯುವ ದೂರವೇ ಟಾರ್ಚಿನ ದೂರ. 0.25 ಲಕ್ಸ್ ಎಂದರೆ ಹೆಚ್ಚು ಕಡಮೆ ಹುಣ್ಣಿಮೆಯ ಬೆಳದಿಂಗಳು. ವಿಲೋಮ ವರ್ಗ ನಿಯಮದ ಪ್ರಕಾರ ಅದೇ ದೀಪ 100 ಮೀಟರಿನಲ್ಲಿ 1 ಲಕ್ಸನ್ನೂ, 20 ಮೀಟರಿನಲ್ಲಿ 25 ಲಕ್ಸನ್ನೂ ಕೊಡುತ್ತದೆ. ಸೈಕಲ್ಲಿನವನಿಗೆ 200 ಮೀಟರಾಚೆಯ ಬೆಳದಿಂಗಳಿನಿಂದ ಆಗುವ ಪ್ರಯೋಜನವೇನು?

ಅವನಿಗೆ ಎಷ್ಟು ದೂರ ಕಾಣಬೇಕೆಂಬುದನ್ನು ಲೆಕ್ಕ ಹಾಕಬಹುದು. ಗಂಟೆಗೆ 18 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 5 ಮೀಟರ್. ಗುಂಡಿಯನ್ನು ಕಂಡು ಬ್ರೇಕು ಒತ್ತುವಷ್ಟರಲ್ಲಿ ಒಂದು ಸೆಕೆಂಡು ಕಳೆದರೆ 5 ಮೀಟರ್ ಹೋಯಿತು. ಬ್ರೇಕಿನಿಂದ ಉಂಟಾಗುವ ವೇಗಾಪಕರ್ಷ ಸೆಕೆಂಡಿನ ವರ್ಗಕ್ಕೆ 2.5 ಮೀಟರ್ ಆದರೆ ನಿಲ್ಲಲು ಇನ್ನೂ 5 ಮೀಟರ್ ಬೇಕು. ಮಳೆಯಲ್ಲಿ ನೆನೆದ ಬ್ರೇಕು ಅರ್ಧದಷ್ಟೇ ಹಿಡಿದರೆ ಅದು 10 ಮೀಟರ್ ಆಗುತ್ತದೆ. ಅಂತೂ 15ರಿಂದ 20 ಮೀಟರ್ ದೂರ ಚೆನ್ನಾಗಿ ಕಂಡರೆ ಸಾಕು. ಆದರೆ ಆ ಬೆಳಕಿಗೆ ಅಗಲವೂ ಬೇಕು. ಮೂರೂವರೆ ಮೀಟರ್ ಅಗಲದ ರಸ್ತೆಯನ್ನು 10 ಮೀಟರ್ ದೂರದಲ್ಲಿ ಅಂಚಿನಿಂದ ಅಂಚಿಗೆ ಬೆಳಗಲು ಕಿರಣಪುಂಜವು ಸುಮಾರು 20 ಡಿಗ್ರಿ ಹರಡಿರಬೇಕು. ದೂರಕ್ಕೆಂದೇ ಕಿರಿದಾಗಿಸಿದ 4 ಡಿಗ್ರಿಯ ಪುಂಜ ಅಲ್ಲಿ ಬೆಳಗುವುದು 70 ಸೆಂಟಿಮೀಟರ್ ಮಾತ್ರ. ಮೊರದಗಲದ ಆ ಬೆಳಕಿನಾಚೆ ಎಮ್ಮೆ ಮಲಗಿದ್ದರೂ ತಿಳಿಯದು.

ಅತಿಯಾದ ಬೆಳಕು ನಿಷ್ಪ್ರಯೋಜಕವಷ್ಟೇ ಅಲ್ಲ, ಅಪಾಯಕರವೂ ಹೌದು. ಕತ್ತಲೆಗೆ ಹೊಂದಿಕೊಳ್ಳಲು ಕಣ್ಣಿನ ಶಂಕುಕೋಶಗಳಿಗೆ ಸುಮಾರು 10 ನಿಮಿಷ, ದಂಡಕೋಶಗಳಿಗೆ ಸುಮಾರು ಅರ್ಧ ಗಂಟೆ ಬೇಕು. ಹೀಗೆ ನಿಧಾನವಾಗಿ ಸಿದ್ಧಗೊಂಡ ಕಣ್ಣನ್ನು ನೇರವಾಗಿ ಬಡಿದ ಒಂದು ಬೆಳಕು ಕ್ಷಣಮಾತ್ರದಲ್ಲಿ ಕೆಡಿಸಬಲ್ಲುದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎದುರು ಬರುವ ಮೋಟರು ಸೈಕಲ್ಲಿನವನಿಗೆ ನಿಮ್ಮ ಟಾರ್ಚಿನಿಂದ ಮೂರು ಸೆಕೆಂಡು ಕಣ್ಣು ಕತ್ತಲಿಟ್ಟಿತೆಂದರೆ, ಅವನು 50 ಮೀಟರ್ ಕುರುಡನಾಗಿ ಸಾಗಿದಂತೆ. ಆ 50 ಮೀಟರಿನೊಳಗೆ ಇರುವವರು ಯಾರು? ನೀವೇ. “ಲಾರಿಯವರು ದೀಪ ತಗ್ಗಿಸುವುದಿಲ್ಲ, ನಾವೇಕೆ ತಗ್ಗಿಸಬೇಕು?” ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಕೋಪ ನ್ಯಾಯವಾದುದೇ. ಆದರೆ ಕಣ್ಣು ಕುಕ್ಕಿದ ಚಾಲಕ ರಸ್ತೆಯ ಅಂಚಿಗೆ ಸರಿದರೆ ಪೆಟ್ಟು ಬೀಳುವುದು ಲಾರಿಗಲ್ಲ.

ಜರ್ಮನಿಯ ರಸ್ತೆ ನಿಯಮಗಳು ಈ ವಿಷಯದಲ್ಲಿ ಮೇಲ್ಪಂಕ್ತಿಯಾಗಿವೆ. ಸೈಕಲ್ಲಿನ ಮುಂದಿನ ದೀಪವು 10 ಮೀಟರ್ ದೂರದಲ್ಲಿ ಕನಿಷ್ಠ 10 ಲಕ್ಸ್ ಬೆಳಕು ಕೊಡಬೇಕೆಂದೂ, ಎದುರಿನವರ ಕಣ್ಣು ಕುಕ್ಕಬಾರದೆಂದೂ ಅಲ್ಲಿ ವಿಧಿಸಿದ್ದಾರೆ. ಆದ್ದರಿಂದ ಅಲ್ಲಿಯ ದೀಪಗಳ ಬೆಳಕಿಗೆ ಕತ್ತರಿಸಿದಂಥ ಮೇಲಂಚು ಇರುತ್ತದೆ. ಕೈಯಲ್ಲಿ ಹಿಡಿಯುವುದಕ್ಕೆಂದು ಮಾಡಿದ ಟಾರ್ಚಿನ ಬೆಳಕಾದರೋ ದುಂಡಗಿನದು. ನೆಟ್ಟಗೆ ಮುಂದಕ್ಕೆ ಹಿಡಿದರೆ ಅದರ ಅರ್ಧ ಭಾಗ ರಸ್ತೆಗೆ ತಾಕದೆ ಮೇಲಕ್ಕೆ ಹೋಗುತ್ತದೆ. ಇದಕ್ಕೆ ಪರಿಹಾರವು ದುಬಾರಿಯಲ್ಲ. ಟಾರ್ಚನ್ನು ಬಾಗಿಸಿ ಕಟ್ಟಬೇಕು. ಸೈಕಲ್ಲನ್ನು ಗೋಡೆಯಿಂದ 5 ಮೀಟರ್ ದೂರದಲ್ಲಿ ನಿಲ್ಲಿಸಿ. ಬೆಳಕಿನ ನಡುಭಾಗವು ಟಾರ್ಚಿನ ಅರ್ಧ ಎತ್ತರಕ್ಕೆ, ಎಂದರೆ ಹೆಚ್ಚು ಕಡಮೆ ಮೊಣಕಾಲಿನ ಮಟ್ಟಕ್ಕೆ ಬೀಳುವಂತೆ ಬಾಗಿಸಿ. ಸಮರೂಪ ತ್ರಿಭುಜಗಳ ನಿಯಮದಂತೆ ಆ ಬೆಳಕು 10 ಮೀಟರ್ ಮುಂದೆ ನೆಲವನ್ನು ಮುಟ್ಟುತ್ತದೆ. ಅಂಚಿನ ಮಂದ ಬೆಳಕು ಅದರಾಚೆಗೂ ಹರಡಿಕೊಳ್ಳುತ್ತದೆ. ಬಳಿಕ ನಾಲ್ಕು ಬೆರಳು ಉದ್ದದ ತಗಡಿನದೋ ಕಪ್ಪು ರಟ್ಟಿನದೋ ಒಂದು ಸೂರನ್ನು ಗಾಜಿನ ಮೇಲ್ಭಾಗದಿಂದ ಮುಂದಕ್ಕೆ ಚಾಚಿ ಕಟ್ಟಿದರೆ, ಮೇಲಕ್ಕೆ ಚೆದರುವ ಬೆಳಕು ತಡೆಯುತ್ತದೆ. ಕೆಲವರು ಗಾಜಿನ ಮೇಲರ್ಧಕ್ಕೆ ಟೇಪು ಅಂಟಿಸುವುದುಂಟು. ಇದರಿಂದ ಲಾಭ ಕಡಮೆ. ಪ್ರತಿಫಲಕದ ಪ್ರತಿಯೊಂದು ಭಾಗವೂ ಬೆಳಕನ್ನು ಅಕ್ಷಕ್ಕೆ ಬಹುಮಟ್ಟಿಗೆ ಸಮಾಂತರವಾಗಿಯೇ ಕಳುಹಿಸುವುದರಿಂದ, ಗಾಜಿನ ಅರ್ಧವನ್ನು ಮುಚ್ಚಿದರೆ ಬೆಳಕಿನ ಪ್ರಮಾಣ ತಗ್ಗುತ್ತದೆಯೇ ಹೊರತು ಅದರ ದಿಕ್ಕು ಬದಲಾಗದು.

ಟಾರ್ಚನ್ನು ಎಲ್ಲಿ ಕಟ್ಟಬೇಕೆಂಬುದೂ ವಿಚಾರಾರ್ಹ. ಹಣೆಗೆ ಕಟ್ಟಿಕೊಳ್ಳುವ ದೀಪವು ತೋಟದ ಕೆಲಸಕ್ಕೆ ಒಳ್ಳೆಯದು, ಸೈಕಲ್ಲಿಗೆ ಅಷ್ಟು ಒಳ್ಳೆಯದಲ್ಲ. ರಸ್ತೆಯ ಗುಂಡಿಯನ್ನು ನಮಗೆ ತೋರಿಸಿಕೊಡುವುದು ಅದರ ನೆರಳು. ಬೆಳಕು ಕಣ್ಣಿನ ಪಕ್ಕದಿಂದಲೇ ಹೊರಟರೆ ನೆರಳೆಲ್ಲವೂ ವಸ್ತುವಿನ ಹಿಂದೆ ಮರೆಯಾಗಿ, ಗುಂಡಿಯೂ ಸಮತಟ್ಟಾದ ನೆಲದಂತೆ ತೋರುತ್ತದೆ. ದೀಪ ಕೆಳಗಿದ್ದಷ್ಟೂ ನೆರಳು ನೀಳವಾಗಿ ಗುಂಡಿ ಎದ್ದು ಕಾಣುತ್ತದೆ. ಆಷಾಢದ ಮಳೆಯಲ್ಲಿಯೂ ಇದೇ ನ್ಯಾಯ: ಕಣ್ಣಿನ ಬಳಿಯ ದೀಪವು ಮಳೆಹನಿಗಳಿಂದ ಚೆದರಿ ಕಣ್ಣಿಗೇ ಹಿಂದಿರುಗುತ್ತದೆ. ಆದುದರಿಂದ ಹ್ಯಾಂಡಲ್ಲೇ ಲೇಸು, ಅದಕ್ಕಿಂತ ಕೆಳಗಾದರೆ ಇನ್ನೂ ಲೇಸು.

ಇಷ್ಟೂ ಮುಂದಿನ ದೀಪದ ಮಾತಾಯಿತು. ಆದರೆ ನನ್ನ ಅಭಿಪ್ರಾಯದಲ್ಲಿ ಕೈಯಲ್ಲಿರುವ ಹಣದಿಂದ ಮೊದಲು ಕೊಳ್ಳಬೇಕಾದುದು ಹಿಂದಿನ ಕೆಂಪು ದೀಪ. ಮುಂದಿನ ಗುಂಡಿಯನ್ನು ಕಂಡರೆ ನೀವು ತಪ್ಪಿಸಿಕೊಳ್ಳಬಲ್ಲಿರಿ. ಬೆನ್ನ ಹಿಂದೆ ಬರುವ ವಾಹನದಿಂದ ನಿಮ್ಮನ್ನು ಉಳಿಸಬೇಕಾದವನು ಅದರ ಚಾಲಕ, ಅವನಿಗೆ ನೀವು ಕಾಣಬೇಕು. 60 ಕಿಲೋಮೀಟರ್ ವೇಗದ ವಾಹನವು ನಿಲ್ಲಲು ಒಣ ರಸ್ತೆಯಲ್ಲಿಯೂ ಸುಮಾರು 50 ಮೀಟರ್ ಬೇಕು. ಕಾಣುವುದಕ್ಕೆ ಬೇಕಾದ ಬೆಳಕು ಬೇರೆ, ಕಾಣಿಸಿಕೊಳ್ಳುವುದಕ್ಕೆ ಬೇಕಾದ ಬೆಳಕು ಬೇರೆ. ಮೊದಲನೆಯದು ರಸ್ತೆಗೆ ಹೋಗಿ, ಚೆದರಿ, ಅದರ ಅತ್ಯಲ್ಪ ಅಂಶ ಮಾತ್ರ ಕಣ್ಣಿಗೆ ಮರಳುತ್ತದೆ. ಎರಡನೆಯದು ನೇರವಾಗಿ ಇನ್ನೊಬ್ಬರ ಕಣ್ಣನ್ನು ಸೇರುತ್ತದೆ. ಆದ್ದರಿಂದ ಒಂದು ವ್ಯಾಟಿನ ಹತ್ತನೆಯ ಒಂದು ಭಾಗವನ್ನು ಬಳಸುವ ಕೆಂಪು ಎಲ್.ಇ.ಡಿ.ಯೂ ಕತ್ತಲೆಯಲ್ಲಿ ನೂರಾರು ಮೀಟರ್ ದೂರಕ್ಕೆ ಕಾಣುತ್ತದೆ.

ಇದರ ಜೊತೆಗೆ ಕೆಂಪು ಪ್ರತಿಫಲಕವೂ ಇರಲಿ. ಪರಸ್ಪರ ಲಂಬವಾದ ಮೂರು ಮುಖಗಳ ಸಣ್ಣ ಮೂಲೆಗಳು ಅದರಲ್ಲಿ ಸಾಲುಗಟ್ಟಿರುತ್ತವೆ. ಇಂಥ ಮೂಲೆಯೊಳಗೆ ಹೊಕ್ಕ ಕಿರಣವು ಮೂರು ಬಾರಿ ಪ್ರತಿಫಲಿಸಿ, ತಾನು ಬಂದ ದಿಕ್ಕಿಗೇ ಹಿಂದಿರುಗುತ್ತದೆ. 1969ರಲ್ಲಿ ಅಪೊಲೊ 11ರ ಯಾತ್ರಿಕರು ಚಂದ್ರನ ಮೇಲೆ ಇರಿಸಿ ಬಂದುದೂ ಇದೇ ತತ್ತ್ವದ ಪ್ರತಿಫಲಕವೇ. ಭೂಮಿಯಿಂದ ಕಳುಹಿಸಿದ ಲೇಸರ್ ಬೆಳಕನ್ನು ಅದು ಭೂಮಿಗೇ ಮರಳಿಸುತ್ತದೆ. ಚಂದ್ರನವರೆಗೆ ಹೋಗಿ ದುಡಿಯುತ್ತಿರುವ ಆ ಸಾಧನ ನಮ್ಮ ಮಡ್‌ಗಾರ್ಡಿನ ಮೇಲೆ ಕೆಸರು ಮೆತ್ತಿಕೊಂಡು ಕುಳಿತಿರುವುದು ಶೋಚನೀಯ. ಅದಕ್ಕೆ ಕೋಶ ಬೇಡ, ತಂತಿ ಬೇಡ. ದಿನಕ್ಕೊಮ್ಮೆ ಬಟ್ಟೆಯಿಂದ ಒರೆಸಿದರೆ ಸಾಕು. ಆದರೂ ಅದು ತಾನಾಗಿ ಬೆಳಗದು, ಹಿಂದಿನ ವಾಹನದ ದೀಪ ತಾಕಿದರೆ ಮಾತ್ರ ಹೊಳೆಯುತ್ತದೆ; ಆದ್ದರಿಂದ ಅದು ಕೆಂಪು ದೀಪಕ್ಕೆ ಜೊತೆಯೇ ಹೊರತು ಬದಲಿಯಲ್ಲ.

ಹಾಗಾದರೆ ಕೊಳ್ಳುವಾಗ ಏನು ನೋಡಬೇಕು? ಮೊದಲು ಪ್ರತಿಫಲಕ, ಆಮೇಲೆ ಹಿಂದಿನ ಕೆಂಪು ದೀಪ, ಮೂರನೆಯದಾಗಿ ಮುಂದಿನ ಟಾರ್ಚು. ಟಾರ್ಚು 200ರಿಂದ 300 ಲ್ಯೂಮೆನ್ ಇದ್ದರೆ ಸಾಕು. ಬೆಳಕು ಅಗಲವಾಗಿ ಸಮನಾಗಿ ಹರಡಲಿ. ಮಳೆನೀರು ಒಳಸೇರದಂತೆ ರಬ್ಬರು ಬಳೆ ಇರಲಿ. ಮಂದ ಬೆಳಕಿನ ಒಂದು ಹಂತವೂ ಇರಲಿ. ಮಿಣುಕುವ ಬಿಳಿ ಬೆಳಕನ್ನು ಮುಂದೆ ಬಳಸಬೇಡಿ. ಎದುರಿನವನಿಗೆ ನಿಮ್ಮ ದೂರವನ್ನು ಅಂದಾಜು ಮಾಡುವುದು ಅದರಿಂದ ಕಷ್ಟವಾಗುತ್ತದೆ. ಲಿಥಿಯಂ ಕೋಶವನ್ನು ಹಾಸಿಗೆಯ ಮೇಲಿಟ್ಟು ಚಾರ್ಜು ಮಾಡತಕ್ಕದ್ದಲ್ಲ; ಹೊದಿಕೆ ಹರಿದ ಕೋಶವನ್ನು ಬಳಸತಕ್ಕದ್ದಲ್ಲ.

ಶಾಲಾ ಕಾಲೇಜುಗಳ ಭೌತಶಾಸ್ತ್ರದ ಅಧ್ಯಾಪಕರಲ್ಲಿಯೂ ನನ್ನದೊಂದು ವಿಜ್ಞಾಪನೆಯಿದೆ. ವಿಲೋಮ ವರ್ಗ ನಿಯಮವನ್ನು ನಾವು ಪ್ರತಿವರ್ಷವೂ ಕರಿಹಲಗೆಯ ಮೇಲೆ ಬರೆದು ತೋರಿಸುತ್ತೇವೆ. ವರ್ಷಕ್ಕೊಂದು ಸಂಜೆ, ಮಳೆಗಾಲಕ್ಕೆ ಮುಂಚೆ, ಸೈಕಲ್ಲಿನಲ್ಲಿ ಬರುವ ವಿದ್ಯಾರ್ಥಿಗಳನ್ನೆಲ್ಲ ಆಟದ ಮೈದಾನದಲ್ಲಿ ಸೇರಿಸಿ ಗೋಡೆಗೆ ಬೆಳಕು ಹಿಡಿಸಿ ನೋಡೋಣ. ಬಾಗಿಸದ ಟಾರ್ಚನ್ನು ಬಾಗಿಸೋಣ, ಕೆಸರು ಮೆತ್ತಿದ ಪ್ರತಿಫಲಕವನ್ನು ಒರೆಸೋಣ, ಹಿಂದೆ ಕೆಂಪು ದೀಪವಿಲ್ಲದವರ ಹೆಸರನ್ನು ಬರೆದಿಟ್ಟುಕೊಂಡು ಹೊಂದಿಸಿಕೊಡೋಣ. ಅರ್ಧ ಗಂಟೆಯ ಈ ಕೆಲಸದಿಂದ ಒಬ್ಬ ಹುಡುಗ ಅಥವಾ ಹುಡುಗಿ ಕೆರೆಯ ಏರಿಯನ್ನು ದಾಟಿ ಕ್ಷೇಮವಾಗಿ ಮನೆ ಸೇರಿದರೆ ಪಾಠ ಸಾರ್ಥಕವಾದಂತೆ.