ಎಲ್ಲ ಕಲೆಯೂ ನೀರಿನದಲ್ಲ

ಹಿಂದೂಪುರ, ಕಲ್ಯಾಣದುರ್ಗದ ಕಡೆಯ ನೆಂಟರು ಹಬ್ಬಕ್ಕೆ ಬಂದರೆ, ಮಕ್ಕಳು ಬಾಯಿಬಿಟ್ಟು ನಕ್ಕ ಕೂಡಲೇ ನಾವು ಅವರ ಊರು ಹೇಳಿಬಿಡುತ್ತೇವೆ. ಹಲ್ಲಿನ ಮೇಲೆ ಸೀಮೆಸುಣ್ಣದಂಥ ಬಿಳಿ ಮಚ್ಚೆ, ನಡುವೆ ಕಂದು ಗೆರೆ. "ಬೋರಿನ ನೀರು ಕಣಮ್ಮಾ" ಎಂದು ಅಜ್ಜಿಯರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಬಹುಪಾಲು ಅದು ನಿಜವೇ. ಅನಂತಪುರ ಸೀಮೆಯ ಎಷ್ಟೋ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ನಮ್ಮ ಪಾವಗಡದವರಿಗೂ ಇದು ಹೊಸ ಸುದ್ದಿಯಲ್ಲ.

ಆದರೆ ನೀರಿನ ಮೇಲೆ ಹೊರೆ ಹೊರಿಸಿ ಸುಮ್ಮನಾಗುವಾಗ ಕಣ್ತಪ್ಪಿಸಿಕೊಳ್ಳುವ ಕಾಯಿಲೆಯೊಂದಿದೆ. ಹೆಸರು ಮೊರ್ಕಿಯೊ. ಬಹಳ ಅಪರೂಪದ್ದು, ತಂದೆ ತಾಯಿಯಿಂದ ಬರುವಂಥದ್ದು. 1929ರಲ್ಲಿ ಉರುಗ್ವೆ ದೇಶದ ಮಕ್ಕಳ ವೈದ್ಯ ಲೂಯಿಸ್ ಮೊರ್ಕಿಯೊ ಒಂದೇ ಮನೆಯ ನಾಲ್ವರು ಮಕ್ಕಳಲ್ಲಿ ಇದನ್ನು ಗುರುತಿಸಿದರು. ಕೆರಟಾನ್ ಸಲ್ಫೇಟ್ ಎಂಬ ಸಕ್ಕರೆಯ ಸರಪಳಿಯನ್ನು ಒಡೆಯುವ ಒಂದು ಕಿಣ್ವ ಈ ಮಕ್ಕಳಲ್ಲಿ ಇರುವುದಿಲ್ಲ, ಇದ್ದರೂ ಸಾಲದು. ಒಡೆಯದೆ ಉಳಿದದ್ದು ಮೂಳೆ, ಕೀಲು, ಕಣ್ಣು, ಹೃದಯದ ಕವಾಟಗಳಲ್ಲಿ ಶೇಖರವಾಗುತ್ತಾ ಹೋಗುತ್ತದೆ. ಬುದ್ಧಿಗೆ ಮಾತ್ರ ಏನೂ ಕೊರತೆಯಿಲ್ಲ. ಕುಳ್ಳಗಿದ್ದಾನೆಂದು ಇಂಥ ಮಗುವನ್ನು ಹಿಂದಿನ ತರಗತಿಯಲ್ಲೇ ಕೂರಿಸುವುದು ಅನ್ಯಾಯ.

ಗೊಂದಲ ಹುಟ್ಟುವುದು ಇಲ್ಲೇ. ಫ್ಲೋರೈಡ್ ಹೆಚ್ಚಾದರೂ ಹಲ್ಲು ಕೆಡುತ್ತದೆ, ಮೊಣಕಾಲು ಒಳಕ್ಕೆ ಬಾಗುತ್ತದೆ, ಮೊರ್ಕಿಯೊದಲ್ಲೂ ಹಾಗೆಯೇ. ಹಾಗಾದರೆ ತಾಯಂದಿರು ನೋಡಬೇಕಾದದ್ದೇನು? ಮೊದಲು ಹಾಲುಹಲ್ಲು. ನೀರಿನ ಕಲೆ ಹಾಲುಹಲ್ಲಿಗೆ ಸಾಮಾನ್ಯವಾಗಿ ಅಷ್ಟಾಗಿ ತಗಲುವುದಿಲ್ಲ, ಆರೇಳು ವರ್ಷಕ್ಕೆ ಬರುವ ಹಲ್ಲುಗಳಲ್ಲಿ ಎದ್ದು ಕಾಣುತ್ತದೆ. ಮೊರ್ಕಿಯೊದಲ್ಲಿ ಎರಡೂ ಸರತಿಯ ಹಲ್ಲುಗಳು ಕೆಡುತ್ತವೆ. ಮೇಲಿನ ಎನಾಮಲ್ ತೆಳ್ಳಗೆ, ಬೂದುಬಣ್ಣಕ್ಕೆ ತಿರುಗಿ, ಸಣ್ಣ ಸಣ್ಣ ಗುಳಿ ಬಿದ್ದಿರುತ್ತದೆ. ಹಲ್ಲು ಚಿಕ್ಕದು, ನಡುವೆ ಸಂದು, ದವಡೆ ಹಲ್ಲಿನ ತುದಿ ಚೂಪು. ಬೇಗ ಹುಳುಕು ಹಿಡಿಯುತ್ತದೆ. ಇದರ ಜೊತೆಗೆ ಕತ್ತು ಗಿಡ್ಡ, ಎದೆ ಮುಂದಕ್ಕೆ ಉಬ್ಬಿದೆ, ಮಣಿಕಟ್ಟು ಸಡಿಲ, ಬೆಳವಣಿಗೆ ನಿಂತಂತಿದೆ ಎಂದರೆ ನೀರನ್ನು ಬೈದು ಕೂರಬಾರದು. ಅಕ್ಕಪಕ್ಕದ ಮನೆಯವರೂ ಅದೇ ಬೋರಿನ ನೀರು ಕುಡಿದು ನೆಟ್ಟಗೆ ನಡೆಯುತ್ತಿದ್ದಾರಲ್ಲ?

ಹಲ್ಲು ಕೀಳಿಸುವ ಮುಂಚೆ ಈ ವಿಷಯ ತಿಳಿದಿರಲೇಬೇಕು. ಈ ಮಕ್ಕಳ ಕತ್ತಿನ ಮೇಲ್ಭಾಗದ ಮೂಳೆ ಸರಿಯಾಗಿ ಬೆಳೆದಿರುವುದಿಲ್ಲ. ಕುರ್ಚಿಯಲ್ಲಿ ತಲೆಯನ್ನು ಹಿಂದಕ್ಕೆ ಜೋರಾಗಿ ಬಗ್ಗಿಸಿದರೆ ಬೆನ್ನುಹುರಿಗೇ ಪೆಟ್ಟಾಗಬಹುದು. ಪೂರ್ತಿ ಅರಿವಳಿಕೆ ಕೊಡುವುದೂ ಅಪಾಯದ ಕೆಲಸ, ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು. ಕಾಯಿಲೆ ಗೊತ್ತಿದ್ದ ವೈದ್ಯರು ಎಚ್ಚರ ವಹಿಸುತ್ತಾರೆ, ಗೊತ್ತಿಲ್ಲದವರಿಗೆ ಹೇಳುವವರು ಯಾರು?

ಇನ್ನು ಮನೆಯೊಳಗಿನ ಮಾತು. ತಂದೆ ತಾಯಿ ಇಬ್ಬರಲ್ಲೂ ಆ ಜೀನಿನ ದೋಷ ಅಡಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಅಪಾಯ. ರಕ್ತಸಂಬಂಧದಲ್ಲಿ ಇಬ್ಬರಿಗೂ ಒಂದೇ ದೋಷವಿರುವ ಸಾಧ್ಯತೆ ಹೆಚ್ಚು. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಹೆರಿಗೆ ಆಸ್ಪತ್ರೆಗಳ ಹಸುಗೂಸುಗಳಲ್ಲಿ ಇಂಥ ಆನುವಂಶಿಕ ದೋಷಗಳನ್ನು ಹುಡುಕಿದಾಗ, ಸುಮಾರು ಮೂರನೇ ಒಂದು ಭಾಗ ಮದುವೆಗಳು ರಕ್ತಸಂಬಂಧದವೇ ಎಂದು ತಿಳಿದುಬಂತು. ಸೋದರಮಾವ, ಅತ್ತೆಮಗ ಎಂದು ಕೊಡುವ ನಮ್ಮ ಕ್ರೈಸ್ತ ಮನೆಗಳೂ ಇದಕ್ಕೆ ಹೊರತಲ್ಲ. ಧರ್ಮಸಭೆಯ ಕಾನೂನಿನ 1091ನೇ ವಿಧಿ ಇಂಥ ಮದುವೆಗೆ ತಡೆ ಹಾಕಿದೆ, ವಿನಾಯಿತಿ ಬೇಕೆಂದರೆ ಧರ್ಮಾಧ್ಯಕ್ಷರನ್ನು ಕೇಳಬೇಕು. ಅದಕ್ಕಾಗಿ ಗುರುಗಳು ವಂಶಾವಳಿ ಬರೆಸುವಾಗ ನಾವು ಗೊಣಗುತ್ತೇವೆ. ಜೀನು ತಜ್ಞರು ಮೊದಲು ಬರೆಸುವುದೂ ಅದನ್ನೇ.

ಪರೀಕ್ಷೆ ಎಂದರೆ ಬೆನ್ನುಮೂಳೆಯ ಎಕ್ಸ್‌-ರೇ, ರಕ್ತದಲ್ಲಿ ಕಿಣ್ವದ ಅಳತೆ. ಮೂತ್ರ ಪರೀಕ್ಷೆ ಒಂದೇ ಸಾಲದು, ಕೆಲವೊಮ್ಮೆ ಅದು ಸರಿಯಾಗಿಯೇ ಬರುತ್ತದೆ. 2014ರಿಂದ ವಾರಕ್ಕೊಮ್ಮೆ ನರಕ್ಕೆ ಕೊಡುವ ಔಷಧಿಯಿದೆ. ನಡಿಗೆಯ ಶಕ್ತಿಗೆ ಸ್ವಲ್ಪ ನೆರವಾಗುತ್ತದೆ, ಬಾಗಿದ ಮೂಳೆಯನ್ನೂ ಕೆಟ್ಟ ಹಲ್ಲನ್ನೂ ಸರಿಮಾಡುವುದಿಲ್ಲ. ಬೆಲೆಯಂತೂ ಬಡವರ ಕನಸಿಗೂ ನಿಲುಕದು. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ, ಗೊತ್ತುಪಡಿಸಿದ ಕೇಂದ್ರಗಳ ಮೂಲಕ, 50 ಲಕ್ಷ ರೂಪಾಯಿವರೆಗೆ ನೆರವು ಸಿಗಲು ಅವಕಾಶವಿದೆ. ಹತ್ತಿರದ ಕೇಂದ್ರ ಬೆಂಗಳೂರಿನಲ್ಲಿದೆ: ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ. ಹಿಂದೂಪುರದವರಿಗೆ ರೈಲಿದೆ, ಕಲ್ಯಾಣದುರ್ಗದವರಿಗೆ ದಾರಿ ಇನ್ನೂ ದೂರ. ಹೊರಡುವಾಗ ಮಗುವಿನ ಹಳೆಯ ಎಕ್ಸ್‌-ರೇಗಳ ಜೊತೆ ವಂಶಾವಳಿ ಬರೆದ ಆ ಹಾಳೆಯನ್ನೂ ಚೀಲಕ್ಕೆ ಹಾಕಿಕೊಳ್ಳಿ.