ದಿನಾ ಓಡೋ ಟರ್ಬೋ ಗಾಡಿಗೆ ಎಷ್ಟು ಕುದುರೆ ಸಾಕು?

"ಇರೋ ಪವರ್ರೇ ಜಾಸ್ತಿ, ಅದರ ಮೇಲೆ ಇನ್ನಷ್ಟು ಯಾಕೆ?" ಅನ್ನೋರು ಒಂದು ಕಡೆ. "ಟರ್ಬೋ ಗಾಡಿ ಇಟ್ಕೊಂಡು ಹಾಗೇ ಓಡಿಸ್ತೀಯಲ್ಲ ಮಾರಾಯ, ದೊಡ್ಡ ಟರ್ಬೋ ಹಾಕ್ಸು, ಸೈಲೆನ್ಸರ್ ಬದಲಾಯಿಸು" ಅನ್ನೋರು ಇನ್ನೊಂದು ಕಡೆ. ಈ ಎರಡು ಮಾತನ್ನೂ ನಾನು ಒಪ್ಪೋನಲ್ಲ. ದಿನಾ ಓಡೋ ಟರ್ಬೋ ಗಾಡಿಗೆ ಸ್ವಲ್ಪ ಶಕ್ತಿ ಸೇರಿಸೋದ್ರಲ್ಲಿ ತಪ್ಪೇನಿಲ್ಲ. ಆದರೆ ಅದಕ್ಕೊಂದು ಕ್ರಮ ಇದೆ, ಒಂದು ಮಿತಿ ಇದೆ. ಅದು ತಪ್ಪಿದರೆ ದುಡ್ಡೂ ಹೋಗುತ್ತೆ, ಗಾಡೀನೂ ಹೋಗುತ್ತೆ.

ನನ್ನ ಗಾಡಿ ಯಾವುದು ಅಂತ ಮೊದಲೇ ಹೇಳಿಬಿಡ್ತೀನಿ. 2003ರ ವೋಲ್ವೋ ವಿ70 ಟಿ5. ಸ್ಟೇಷನ್ ವ್ಯಾಗನ್, ಇಲ್ಲಿ ಇಂಗ್ಲೆಂಡಿನಲ್ಲಿ ಎಸ್ಟೇಟ್ ಅಂತಾರೆ. ನಮ್ಮಲ್ಲಿ 1992ರಲ್ಲಿ ಟಾಟಾ ಎಸ್ಟೇಟ್ ಬಂದಿತ್ತಲ್ಲ, ಆ ಜಾತಿ. ಇಂಜಿನ್ 2.3 ಲೀಟರ್, ಐದು ಸಿಲಿಂಡರ್, 250 ಹಾರ್ಸ್‌ಪವರ್, ಅಷ್ಟೂ ಮುಂದಿನ ಎರಡು ಚಕ್ರಕ್ಕೇ. ಇಲ್ಲಿನ ಪೊಲೀಸರು ಮೋಟರ್‌ವೇ ಗಸ್ತಿಗೆ ಇದನ್ನ ಬಹಳ ಬಳಸ್ತಿದ್ರು. ಇದರ ಅಣ್ಣ 850 ಎಸ್ಟೇಟನ್ನಂತೂ 1994ರಲ್ಲಿ ಬ್ರಿಟಿಷ್ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್ ರೇಸಿಗೇ ಇಳಿಸಿದ್ರು (ಆ ರೇಸ್ ಗಾಡೀಲಿ ಟರ್ಬೋ ಇರಲಿಲ್ಲ ಅನ್ನೋದು ಬೇರೆ ಮಾತು). ನಮ್ಮನೇದು ಮಾತ್ರ ಅಕ್ಕಿ ಮೂಟೆ, ಮಕ್ಕಳ ಸೈಕಲ್, ಊರಿಂದ ಬರೋರ ಸೂಟ್‌ಕೇಸ್ ಹೊರೋ ಗಾಡಿ. ಹಗಲು ನಾನು ಓಡಿಸ್ತೀನಿ, ರಾತ್ರಿ ಪಾಳಿ ಮುಗಿಸಿ ಮಳೇಲಿ ಎಂ62 ಮೋಟರ್‌ವೇ ಹಿಡಿದು ನನ್ನಾಕೆ ಅದರಲ್ಲೇ ಮನೆಗೆ ಬರ್ತಾಳೆ. ನಮಗಿರೋದು ಅದೊಂದೇ ಗಾಡಿ. ನಾನು ಹೇಳೋದೆಲ್ಲ ಇದನ್ನ ಮನಸ್ಸಲ್ಲಿಟ್ಕೊಂಡು.

ಟರ್ಬೋ ಗಾಡಿಯ ಆಮಿಷ ಏನಪ್ಪಾ ಅಂದ್ರೆ, ಶಕ್ತಿ ಹೆಚ್ಚಿಸೋದು ತೀರಾ ಸುಲಭ. ಟರ್ಬೋ ಇಲ್ಲದ ಇಂಜಿನ್‌ನಲ್ಲಿ ಹತ್ತು ಹಾರ್ಸ್‌ಪವರ್ ಹೆಚ್ಚು ಬೇಕಂದ್ರೆ ಇಂಜಿನ್ನೇ ಬಿಚ್ಚಬೇಕಾಗಬಹುದು. ಟರ್ಬೋದಲ್ಲಿ ಹಾಗಲ್ಲ. ಗಾಡಿಯ ಕಂಪ್ಯೂಟರಿನ ಲೆಕ್ಕಾಚಾರ ತಿದ್ದಿ ಗಾಳಿಯ ಒತ್ತಡ ಸ್ವಲ್ಪ ಏರಿಸಿದ್ರೆ ಮುಗೀತು. ಇದಕ್ಕೆ ರೀಮ್ಯಾಪ್ ಅಂತಾರೆ. ಈ ಇಂಜಿನ್ ರೀಮ್ಯಾಪ್ ಮಾಡಿದ್ರೆ 280-300ರ ಹತ್ತಿರ ಹೋಗುತ್ತೆ ಅಂತ ಟ್ಯೂನಿಂಗ್ ಅಂಗಡಿಯವರು ಹೇಳ್ತಾರೆ. ಸರಿ, ಈ ಶಕ್ತಿ ಎಲ್ಲಿಂದ ಬಂತು? ಕಾರ್ಖಾನೆಯವರು ಕೆಟ್ಟ ಪೆಟ್ರೋಲಿಗೆ, ಬೇಸಿಗೆಗೆ, ಗುಡ್ಡ ಹತ್ತೋವಾಗಿನ ಭಾರಕ್ಕೆ, ಸರ್ವೀಸ್ ಮರೆಯೋ ಮಾಲೀಕನಿಗೆ ಅಂತ ಒಂದಿಷ್ಟು ಮೀಸಲು ಬಿಟ್ಟಿರ್ತಾರೆ, ಅದರಿಂದ. ಆ ಮೀಸಲಲ್ಲಿ ಸ್ವಲ್ಪ ತಗೋಬಹುದು. ಪೂರ್ತಿ ಬಳ್ಕೊಂಡ್ರೆ ಕಷ್ಟಕಾಲಕ್ಕೆ ಏನೂ ಉಳಿಯಲ್ಲ.

ಹಾಗಾಗಿ ಮೊದಲ ಹೆಜ್ಜೆ: ಕಳೆದುಹೋಗಿರೋ ಕುದುರೆಗಳನ್ನ ವಾಪಸ್ ತರೋದು. ಇಪ್ಪತ್ತು ವರ್ಷ ದಾಟಿದ ಗಾಡೀಲಿ 250 ಇರೋದು ಕಾಗದದ ಮೇಲೆ ಮಾತ್ರ. ಟರ್ಬೋದಿಂದ ಇಂಟರ್‌ಕೂಲರಿಗೆ ಹೋಗೋ ರಬ್ಬರ್ ಪೈಪ್ ಎಲ್ಲೋ ಸೀಳಿರುತ್ತೆ, ಸ್ಪಾರ್ಕ್ ಪ್ಲಗ್ ಸವೆದಿರುತ್ತೆ, ಬೆರಳು ದಪ್ಪದ ವ್ಯಾಕ್ಯೂಮ್ ಪೈಪ್ ಒಣಗಿ ಬಿರುಕು ಬಿಟ್ಟಿರುತ್ತೆ. ತಳ ತೂತಾದ ಕೊಡಕ್ಕೆ ಎಷ್ಟು ನೀರು ಹೊಯ್ದರೇನು?

ಈ ಇಂಜಿನ್‌ನಲ್ಲಿ ಮುಖ್ಯವಾಗಿ ನೋಡಬೇಕಾದ್ದು ಇಂಜಿನ್ ಒಳಗಿನ ಹೊಗೆ ಹೊರಗೆ ಬಿಡೋ ಉಸಿರುನಾಳ. ಅದು ಆಯಿಲ್ ಜಿಡ್ಡಿನಿಂದ ಕಟ್ಟಿಕೊಂಡ್ರೆ ಒಳಗೆ ಒತ್ತಡ ಏರಿ ಸೀಲುಗಳಿಂದ ಆಯಿಲ್ ಸೋರೋಕೆ ಶುರುವಾಗುತ್ತೆ. ಇದನ್ನ ಪರೀಕ್ಷಿಸೋಕೆ ಒಂದು ರಬ್ಬರ್ ಕೈಗವಸು ಸಾಕು! ಇಂಜಿನ್ ಆನ್ ಇದ್ದಾಗ ಆಯಿಲ್ ಹಾಕೋ ಬಾಯಿಗೆ ಅದನ್ನ ಸಿಕ್ಕಿಸಿ. ಬಲೂನಿನ ಹಾಗೆ ಊದಿಕೊಂಡ್ರೆ ನಾಳ ಕಟ್ಟಿದೆ ಅಂತ ಅರ್ಥ. ಇಂಥ ಇಂಜಿನ್‌ಗೆ ಒತ್ತಡ ಇನ್ನೂ ಏರಿಸೋದು ಅಂದ್ರೆ ಗಾಯದ ಮೇಲೆ ಬರೆ ಎಳೆದ ಹಾಗೆ. ಟೈಮಿಂಗ್ ಬೆಲ್ಟ್ ಗಡುವು ಮುಗಿದಿದ್ರೆ ಅದೂ ಆಗ್ಲೇ ಆಗಬೇಕು. ಬೆಲ್ಟ್ ಹರಿದ್ರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಇಂಜಿನ್ನೇ ಹಾಳು.

ಎರಡನೇ ಹೆಜ್ಜೆ ನಿಲ್ಲಿಸೋ ಶಕ್ತಿ. ಒಳ್ಳೇ ಟೈರು, ಒಳ್ಳೇ ಬ್ರೇಕ್ ಪ್ಯಾಡು, ಹೊಸ ಬ್ರೇಕ್ ಆಯಿಲ್ (ಹಳೇದು ಗಾಳಿಯ ತೇವ ಹೀರಿಕೊಂಡು ಬೇಗ ಕುದಿಯುತ್ತೆ). ಮುಂದಿನ ಚಕ್ರಗಳೇ ಎಳೆಯೋ ಗಾಡಿಗೆ ಟಾರ್ಕ್ ಹೆಚ್ಚಿಸಿದ್ರೆ ಸ್ಟೀರಿಂಗ್ ಕೈಯಿಂದ ಕಿತ್ಕೊಂಡು ಹೋಗೋ ಹಾಗೆ ಎಳೆಯುತ್ತೆ. ಒದ್ದೆ ರಸ್ತೆ, ಸವೆದ ಟೈರು, ನಿದ್ದೆಗಣ್ಣು... ಬಾಕಿ ನೀವೇ ಊಹಿಸಿ.

ಇವೆರಡೂ ಆದ ಮೇಲೆ ಮೂರನೇದು, ಒಂದು ಹದವಾದ ರೀಮ್ಯಾಪ್. ತುದಿಯ ಅಂಕಿ ಎಷ್ಟು ಅಂತ ನಾನು ಕೇಳಲ್ಲ. ಮೋಟರ್‌ವೇ ಮಿತಿ ಗಂಟೆಗೆ 70 ಮೈಲಿ, ಅಂದ್ರೆ 112 ಕಿಲೋಮೀಟರ್; ಅಲ್ಲಿ ಬೇಕಾಗೋದು 50ರಿಂದ 70ಕ್ಕೆ ಲಾರಿ ದಾಟೋ ಎಳೆತ, ಅದು ಇಂಜಿನ್ನಿನ ಮಧ್ಯಮ ವೇಗದಲ್ಲಿ ಸಿಗಬೇಕು. ಜೊತೆಗೆ ಸೂಪರ್ ಪೆಟ್ರೋಲ್ ಖಾಯಂ ಆಗುತ್ತೆ. 2021ರಿಂದ ಇಲ್ಲಿ ಮಾಮೂಲಿ 95 ಆಕ್ಟೇನ್ ಪೆಟ್ರೋಲಿಗೆ ಶೇ 10ರವರೆಗೆ ಎಥನಾಲ್ ಬೆರೆಸ್ತಾರೆ; ರೀಮ್ಯಾಪ್ ಆದ ಗಾಡಿಗೆ 97-99 ಆಕ್ಟೇನಿನದೇ ಹಾಕಬೇಕು. ಇಲ್ಲದಿದ್ರೆ ಇಂಜಿನ್ ಬಡಿತ ತಪ್ಪಿಸೋಕೆ ಕಂಪ್ಯೂಟರ್ ಶಕ್ತಿ ಕಡಿತ ಮಾಡುತ್ತೆ, ನೀವು ಕೊಟ್ಟ ದುಡ್ಡು ನೀರಲ್ಲಿ ಹೋಮ. ಬೇಸಿಗೇಲಿ ಭಾರ ಹೊತ್ತು ಗುಡ್ಡ ಹತ್ತೋರಾದ್ರೆ ದೊಡ್ಡ ಇಂಟರ್‌ಕೂಲರ್ ಹಾಕಿಸಿ. ಅದರಿಂದ ಅಂಕಿ ಜಾಸ್ತಿ ಏರಲ್ಲ, ಆದರೆ ಇರೋ ಶಕ್ತಿ ಬಿಸಿಲಲ್ಲೂ ಕೈಕೊಡಲ್ಲ.

ಅಲ್ಲಿಗೆ ನಿಲ್ಲಿಸಿ! ಅದರಾಚೆ ದೊಡ್ಡ ಟರ್ಬೋ, ಇಂಜೆಕ್ಟರ್, ಕ್ಲಚ್ಚು, ಆಮೇಲೆ ಗೇರ್‌ಬಾಕ್ಸು... ಒಂದು ಎಳೆದ್ರೆ ಇನ್ನೊಂದು. ಗಾಡಿಯ ಬೆಲೆಗಿಂತ ಸಾಮಾನಿನ ಬೆಲೆ ಜಾಸ್ತಿ. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗೆ. ಕೆಟಲಿಟಿಕ್ ಕನ್ವರ್ಟರ್ ಕಿತ್ತು ಹಾಕೋ ಸಲಹೆಯನ್ನಂತೂ ಕೇಳಲೇಬೇಡಿ. ವರ್ಷಕ್ಕೊಮ್ಮೆ ನಡೆಯೋ ಎಂಓಟಿ ಪರೀಕ್ಷೇಲಿ ಗಾಡಿ ಫೇಲು, ಆ ಹೊಗೆ ಕುಡಿಯೋದು ಶಾಲೆ ಗೇಟಿನ ಹತ್ತಿರ ನಿಂತಿರೋ ನಮ್ಮದೇ ಮಕ್ಕಳು.

ಇನ್ನೊಂದು ಮಾತು, ಬಹಳ ಜನ ಮುಚ್ಚಿಡೋದು. ರೀಮ್ಯಾಪ್ ಮಾಡಿಸಿದ್ರೆ ಇನ್ಷೂರೆನ್ಸಿನವರಿಗೆ ಹೇಳಲೇಬೇಕು. "ಅವರಿಗೆ ಹೇಗೆ ಗೊತ್ತಾಗುತ್ತೆ ಬಿಡು" ಅನ್ನೋ ಜಾಣರು ನಮ್ಮವರಲ್ಲೂ ಇದ್ದಾರೆ. ಅಪಘಾತ ಆದ ದಿನ ಗೊತ್ತಾಗುತ್ತೆ ಸ್ವಾಮಿ. ಅವತ್ತು ಅವರು ಕ್ಲೇಮ್ ತಿರಸ್ಕರಿಸಿದ್ರೆ ವರ್ಷಕ್ಕೆ ನೂರಿನ್ನೂರು ಪೌಂಡ್ ಉಳಿಸಿದ್ದಕ್ಕೆ ಮನೆಯೇ ಬೆಲೆ ತೆರಬೇಕಾಗಬಹುದು.

ನನ್ನ ಹತ್ತಿರ ಇರೋ ಅಳತೆಗೋಲು ಒಂದೇ. ಏನೇ ಬದಲಾವಣೆ ಮಾಡಿದ್ರೂ, ನನಗೆ ಒಂದು ಮಾತೂ ಕೇಳದೆ, ಯಾವ ಎಚ್ಚರಿಕೆಯೂ ಬೇಕಾಗದೆ, ನನ್ನಾಕೆ ಬೆಳಗಿನ ಜಾವ ಮಳೇಲಿ ಆ ಗಾಡಿ ಓಡಿಸಿಕೊಂಡು ಬರೋ ಹಾಗಿರಬೇಕು. ಹಾಗಿದ್ರೆ ಅದು ಸರಿಯಾದ ಅಪ್‌ಗ್ರೇಡು. "ಎರಡನೇ ಗೇರಲ್ಲಿ ಹುಷಾರು ಕಣೇ" ಅಂತ ಹೇಳಿ ಕಳಿಸಬೇಕಾದ್ರೆ ಅದು ನನ್ನ ಶೋಕಿ, ಅಷ್ಟೇ.

ನಿಮ್ಮ ಲೆಕ್ಕದಲ್ಲಿ ಎಷ್ಟು ಕುದುರೆ ಸಾಕು? ತಿಳಿಸಿ. ಬೈಯೋದಿದ್ರೂ ಪರವಾಗಿಲ್ಲ :-)